ಹೊರಗಿನಿಂದ ಬಂದು ಊರಿನವರೇ ಆದ ಅಂಗಡಿಯವರ ಹೆಸರನ್ನು ರಸ್ತೆಗೆ ಇಡಿಸುವ ಬಗೆ

ಕಣ್ಣೂರು, ತಲಶ್ಶೇರಿಯ ಕಡೆಯಿಂದ ಮಾಕುಟ್ಟದ ಘಟ್ಟ ಹತ್ತಿ ಬಂದು, ಅಂಗಡಿ ತೆರೆದು ಇಲ್ಲಿಯೇ ನೆಲೆಸಿದವರು ನಮ್ಮ ಕೊಡಗಿನ ವಿರಾಜಪೇಟೆ, ಸಿದ್ದಾಪುರ, ಗೋಣಿಕೊಪ್ಪಲು ಮುಂತಾದ ಕಡೆಗಳಲ್ಲೆಲ್ಲ ಇದ್ದಾರೆ. ತೋಟದ ಕಾರ್ಮಿಕರಿಗೆ ಬಟವಾಡೆಯ ದಿನದವರೆಗೆ ಅಕ್ಕಿ, ಒಣಮೀನು ಸಾಲ ಕೊಟ್ಟು, ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಗೆ ಕರೆಂಟು ಹೋದಾಗಲೂ ಬಾಗಿಲು ತೆರೆದಿಟ್ಟ ಅಂಥವರೊಬ್ಬರ ಹೆಸರು ಅವರ ಅಂಗಡಿಯಿದ್ದ ಬೀದಿಗೆ ಇರಬೇಕೆಂದು ಊರಿನವರು ಬಯಸುವುದು ತೀರ ಸಹಜ. ಮಡಿಕೇರಿಯ ವೃತ್ತವೊಂದು ಜನರಲ್ ತಿಮ್ಮಯ್ಯನವರ ಹೆಸರನ್ನು ಹೊತ್ತಿರುವುದು ನಮಗೆಲ್ಲ ಹೆಮ್ಮೆ. ಊರಿನ ಹಸಿವನ್ನು ಅರಿತಿದ್ದ ವ್ಯಾಪಾರಿಗೂ ಒಂದು ಓಣಿಯಷ್ಟು ಜಾಗ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ರಸ್ತೆ ಯಾರದೆಂದು ತಿಳಿಯಬೇಕು. ಪಟ್ಟಣದ ಒಳರಸ್ತೆಗಳು ಸಾಮಾನ್ಯವಾಗಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೂ ಹಳ್ಳಿಯ ರಸ್ತೆಗಳು ಗ್ರಾಮ ಪಂಚಾಯಿತಿಗೂ ಸೇರಿರುತ್ತವೆ. ಕುಶಾಲನಗರ, ಮಡಿಕೇರಿಗಳನ್ನು ಹಾದು ಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆ ಸ್ಥಳೀಯ ಸಂಸ್ಥೆಯದಲ್ಲ. ಅಂಗಡಿ ಅದರ ಬದಿಯಲ್ಲಿದ್ದರೆ ಪಕ್ಕದ ಅಡ್ಡರಸ್ತೆಯನ್ನು ಆರಿಸಿಕೊಳ್ಳುವುದು ಲೇಸು. ತೋಟದೊಳಗಿನ ಖಾಸಗಿ ದಾರಿಯಾದರೆ ತೋಟದ ಮಾಲೀಕರ ಒಪ್ಪಿಗೆ ಬೇಕು. ಈಗಾಗಲೇ ಒಂದು ಹೆಸರಿರುವ ರಸ್ತೆಯನ್ನು ಮಾತ್ರ ಮುಟ್ಟಬೇಡಿ, ಏಕೆಂದರೆ ಒಬ್ಬರಿಗೆ ಗೌರವ ತೋರಲು ಇನ್ನೊಬ್ಬರ ಹೆಸರನ್ನು ಅಳಿಸಿದಾಗ ಹುಟ್ಟುವ ಮನಸ್ತಾಪವನ್ನು ಕೊನೆಗೆ ಅಂಗಡಿಯವರ ಕುಟುಂಬವೇ ಅನುಭವಿಸಬೇಕಾಗುತ್ತದೆ.

ಅರ್ಜಿಗಿಂತ ಮುಂಚೆ ಆ ಕುಟುಂಬದವರ ಮನೆಗೆ ಹೋಗಿ ಕೇಳಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹಲಗೆಯ ಮೇಲೆ ಬರಬೇಕಾದುದು ದಾಖಲೆಯಲ್ಲಿರುವ ಹೆಸರೋ, ಊರು ಪ್ರೀತಿಯಿಂದ ಕರೆಯುತ್ತಿದ್ದ ಹೆಸರೋ ಎಂಬುದನ್ನು ಅವರೇ ತೀರ್ಮಾನಿಸಲಿ. ಬಳಕೆಯ ಹೆಸರೇ ಹೆಚ್ಚು ಕಾಲ ನಿಲ್ಲುತ್ತದೆಂದು ನನಗನ್ನಿಸುತ್ತದೆ. ಬ್ರಿಟಿಷ್ ಅಧಿಕಾರಿಯ ಹೆಸರಿನಿಂದ ಫ್ರೇಜರ್‌ಪೇಟೆ ಎನಿಸಿದ್ದ ಊರು ಇಂದು ಎಲ್ಲರಿಗೂ ಕುಶಾಲನಗರವೇ ಆಗಿದೆ.

ಮನವಿಯಲ್ಲಿ ಹೊಗಳಿಕೆಗಿಂತ ವಿವರ ಮುಖ್ಯ. ಅವರು ಎಲ್ಲಿಂದ ಬಂದರು, ಅಂಗಡಿ ಎಷ್ಟು ಕಾಲ ನಡೆಯಿತು, 2018ರ ಆಗಸ್ಟಿನ ಭೂಕುಸಿತದಂಥ ಕಷ್ಟದಲ್ಲಿ ನೆರವಾಗಿದ್ದರೆ ಯಾರಿಗೆ ಏನು ಮಾಡಿದರು ಎಂಬುದನ್ನು, ಕಂಡವರ ಹೇಳಿಕೆಗಳೊಡನೆ, ಒಂದೆರಡು ಪುಟಗಳಲ್ಲಿ ಬರೆಯಿರಿ. ಅಂಗಡಿಯ ಹಳೆಯ ಪರವಾನಗಿಯ ಪ್ರತಿ, ಒಂದು ಛಾಯಾಚಿತ್ರ, ರಸ್ತೆಯ ಆರಂಭ ಮತ್ತು ಕೊನೆಯನ್ನು ಗುರುತಿಸಿದ ಕೈನಕ್ಷೆ ಜೊತೆಗಿರಲಿ. ಆ ರಸ್ತೆಯ ಪ್ರತಿಯೊಂದು ಮನೆಯ ಸಹಿಯನ್ನೂ ಸಂಗ್ರಹಿಸಲು ಯತ್ನಿಸಿ. ಕೊಡವರು, ಅರೆಭಾಷೆಯ ಗೌಡರು, ಮಲಯಾಳಿಗಳು, ತೋಟದ ಲೈನ್ ಮನೆಗಳ (ಸಾಲುಮನೆಗಳ) ಕಾರ್ಮಿಕರು ಎಲ್ಲರೂ ಒಂದೇ ಹಾಳೆಯಲ್ಲಿ ಸಹಿ ಹಾಕಿದ್ದರೆ, ಹೊರಗಿನವರ ಹೆಸರೇಕೆ ಎಂಬ ಪ್ರಶ್ನೆಗೆ ಆ ಹಾಳೆಯೇ ಉತ್ತರವಾಗುತ್ತದೆ. ಕಾಫಿ ಕೊಯ್ಲು ಶುರುವಾದ ಮೇಲೆ ಯಾರೂ ಬಿಡುವಾಗಿ ಸಿಗುವುದಿಲ್ಲವಾದ್ದರಿಂದ ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೋದ್ ಮುಗಿದ ನಂತರದ ವಾರಗಳೇ ಈ ಕೆಲಸಕ್ಕೆ ಸೂಕ್ತ.

ಮನವಿಯನ್ನು ಪಟ್ಟಣದಲ್ಲಿ ಪೌರಾಯುಕ್ತರು ಅಥವಾ ಮುಖ್ಯಾಧಿಕಾರಿಗೆ, ಹಳ್ಳಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ನಿಮ್ಮ ವಾರ್ಡಿನ ಸದಸ್ಯರಿಗೂ ತಲುಪಲಿ. ಹಳ್ಳಿಯಾದರೆ, ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮಸಭೆಯಲ್ಲಿ ವಿಷಯವನ್ನು ಎತ್ತಿ, ಅದು ನಡಾವಳಿಯಲ್ಲಿ ಬರೆಯಲ್ಪಟ್ಟಿದೆಯೇ ಎಂದು ನೋಡಿಕೊಳ್ಳಿ. ಆಕ್ಷೇಪಣೆ ಬಂದರೆ ಸಭೆಯಲ್ಲಿ ವಾದಕ್ಕಿಳಿಯದೆ ಆ ಮನೆಗೇ ಹೋಗಿ ಮಾತನಾಡುವುದು ಒಳ್ಳೆಯದು. ಅರ್ಜಿ ಅಲುಗಾಡದೆ ಕುಳಿತರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಅದರ ಸ್ಥಿತಿಯನ್ನು ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕೆಂಬುದು ನಿಯಮ.

ನಿರ್ಣಯವಾದ ಬಳಿಕ ಅದರ ದೃಢೀಕೃತ ಪ್ರತಿಯನ್ನು ತೆಗೆದುಕೊಂಡು ಅಂಚೆ ಕಚೇರಿಗೂ ವಿದ್ಯುತ್ ಕಚೇರಿಗೂ ಕೊಡಿ. ನಮ್ಮ ಮಳೆಗೆ ತೆಳು ತಗಡಿನ ಹಲಗೆ ಬೇಗ ತುಕ್ಕು ಹಿಡಿಯುವುದರಿಂದ, ಅಕ್ಷರ ಕೊರೆದ ಕಲ್ಲನ್ನು ನಿಲ್ಲಿಸುವುದು ಉತ್ತಮ. ಮಳೆಗಾಲ ಕಳೆದು ಮಣ್ಣು ಗಟ್ಟಿಯಾದ ಮೇಲೆ, ಮರದ ಲಾರಿಗಳು ತಿರುಗುವ ಮೂಲೆಯನ್ನು ಬಿಟ್ಟು ಅದನ್ನು ನೆಡಿಸಿ, ವರ್ಷಕ್ಕೊಮ್ಮೆ ಪಾಚಿ ತೊಳೆಯುವ ಹೊಣೆಯನ್ನು ಬೀದಿಯ ಒಂದು ಮನೆಗೆ ಮೊದಲೇ ಒಪ್ಪಿಸಿಡಿ.