ಹಳೆಯ ಆರ್15 ಕೊಂಡವರು ಮೊದಲ ತಿಂಗಳು ಮಾಡಬೇಕಾದ ಕೆಲಸಗಳು

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ಮನೆಗೆ ಬಂದ ದಿನವೇ ಹೊಸ ಸೈಲೆನ್ಸರ್, ಅಗಲವಾದ ಟಯರ್, ಬಣ್ಣದ ಲಿವರ್‌ಗಳ ಬೆಲೆ ವಿಚಾರಿಸುವ ಉತ್ಸಾಹ ಸಹಜವಾದದ್ದೇ. ಆದರೆ ಹಿಂದಿನ ಮಾಲೀಕರು ಆ ಗಾಡಿಗೆ ಎಂಥ ಆಯಿಲ್ ಹಾಕಿಸುತ್ತಿದ್ದರು, ಬ್ರೇಕ್ ಆಯಿಲ್ ಎಂದು ಬದಲಿಸಿದ್ದರು, ಎಲ್ಲಿ ಬೀಳಿಸಿದ್ದರು ಎಂಬುದು ನಮಗೆ ಗೊತ್ತಿರುವುದಿಲ್ಲ. ಆದ್ದರಿಂದ ಕಾರ್ಖಾನೆಯಿಂದ ಹೊರಬಂದಾಗ ಬೈಕ್ ಹೇಗಿತ್ತೋ ಆ ಸ್ಥಿತಿಗೆ ಅದನ್ನು ತರುವ ಕೆಲಸಕ್ಕೇ ಮೊದಲ ದುಡ್ಡು ಹೋಗಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಉದಾಹರಣೆಗೆ ಇಲ್ಲಿ ಯಮಹಾ ಆರ್15 ಬೈಕಿನ ಮೂರನೇ ಆವೃತ್ತಿಯನ್ನು, ಅಂದರೆ ಹುಡುಗರು ‘ವಿ3’ ಎಂದು ಕರೆಯುವ ಗಾಡಿಯನ್ನು, ತೆಗೆದುಕೊಂಡಿದ್ದೇನೆ. 2018ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಬೈಕಿಗೆ 155 ಸಿಸಿಯ ಲಿಕ್ವಿಡ್ ಕೂಲ್ಡ್ ಎಂಜಿನ್, ಆರು ಗೇರ್ ಮತ್ತು ಸ್ಲಿಪ್ಪರ್ ಕ್ಲಚ್ (ಥಟ್ಟನೆ ಗೇರ್ ಇಳಿಸಿದಾಗ ಹಿಂದಿನ ಚಕ್ರ ಜಾರದಂತೆ ನೋಡಿಕೊಳ್ಳುವ ಕ್ಲಚ್) ಇವೆ. ಮೊದಲ ವರ್ಷದ ಗಾಡಿಗಳಲ್ಲಿ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ, ಇರಲಿಲ್ಲ, 2019ರಲ್ಲಿ ಅದು ಬಂತು. ಇನ್ನೂ ಕೊಳ್ಳುವ ಹಂತದಲ್ಲಿ ಇರುವವರು ಸ್ವಲ್ಪ ಹೆಚ್ಚು ಕೊಟ್ಟಾದರೂ ಎಬಿಎಸ್ ಇರುವುದನ್ನೇ ಆರಿಸಿಕೊಳ್ಳಲಿ.

ಕಾಗದಪತ್ರ

ಚಾಸಿಸ್ ಮತ್ತು ಎಂಜಿನ್ ನಂಬರ್‌ಗಳು ಆರ್‌ಸಿಯಲ್ಲಿರುವುದಕ್ಕೆ ಹೊಂದುತ್ತವೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಜೊತೆಗೆ ಫಾರಂ 35 ಸಹ ಬೇಕು. ಕೊಂಡವರು 30 ದಿನಗಳ ಒಳಗೆ ಆರ್‌ಟಿಒಗೆ ತಿಳಿಸಬೇಕು, ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳ ಒಳಗೆ ಅರ್ಜಿ ಕೊಡಬೇಕು.

ಬಿದ್ದ ಗುರುತು ಹುಡುಕುವುದು

ಫೇರಿಂಗ್, ಅಂದರೆ ಬೈಕಿನ ಹೊರಮೈಯ ಪ್ಲಾಸ್ಟಿಕ್ ಕವಚ, ಹೊಸದಾಗಿ ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಗಾಡಿ ಬಿದ್ದಿಲ್ಲ ಎನ್ನಲಾಗದು, ಏಕೆಂದರೆ ಬಿದ್ದ ಗಾಡಿಗೇ ಹೊಸ ಫೇರಿಂಗ್ ಹಾಕಿಸಿರುವ ಸಾಧ್ಯತೆ ಹೆಚ್ಚು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಅದು ಫ್ರೇಮಿಗೆ ತಾಗಿ ನಿಲ್ಲುವ ಜಾಗವನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಲೋಹ ನಜ್ಜುಗುಜ್ಜಾಗಿದ್ದರೆ ಗಾಡಿ ಜೋರಾಗಿ ಬಿದ್ದಿದೆ ಎಂದೇ ತಿಳಿಯಬೇಕು. ಮುಂದಿನ ಚಕ್ರವನ್ನು ನೆಲದಿಂದ ಮೇಲೆತ್ತಿಸಿ ಹ್ಯಾಂಡಲನ್ನು ಒಂದೇ ಬೆರಳಿನಿಂದ ನಿಧಾನವಾಗಿ ತಿರುಗಿಸಿದಾಗ ನಡುವಿನಲ್ಲಿ ಹಳ್ಳಕ್ಕೆ ಬಿದ್ದಂತೆ ತಡೆದು ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಸವೆದಿದೆ. ಫೋರ್ಕಿನ, ಅಂದರೆ ಮುಂದಿನ ಚಕ್ರದ ಶಾಕ್ ಅಬ್ಸಾರ್ಬರಿನ, ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ಓಡೋಮೀಟರ್ ತೋರಿಸುವ ಕಿಲೋಮೀಟರ್ ಕಡಿಮೆಯಿದ್ದು, ಗೇರ್ ಲಿವರ್ ಮತ್ತು ಫುಟ್‌ಪೆಗ್ ನುಣ್ಣಗೆ ಸವೆದಿದ್ದರೆ ನಂಬಬೇಕಾದದ್ದು ಸವೆತವನ್ನು.

ಎಣ್ಣೆ, ಕೂಲಂಟ್, ಬ್ರೇಕ್ ಆಯಿಲ್

‘ಹೋದ ತಿಂಗಳಷ್ಟೇ ಸರ್ವಿಸ್ ಆಗಿದೆ’ ಎಂಬ ಮಾತನ್ನು ನಂಬಿ ನಾನು ನನ್ನ ಬೈಕನ್ನು ಮೂರು ವಾರ ಹಾಗೆಯೇ ಓಡಿಸಿದ್ದೆ. ಕೊನೆಗೆ ಎಂಜಿನ್ ಆಯಿಲ್ ಇಳಿಸಲು ಕೆಳಗಿರುವ ಡ್ರೈನ್ ಬೋಲ್ಟ್ ಬಿಚ್ಚಿದಾಗ ಇಳಿದದ್ದು ಡಾಂಬರಿನಂತೆ ಕಪ್ಪಾದ, ಸುಟ್ಟ ವಾಸನೆಯ ಆಯಿಲ್, ಅದೂ ಇರಬೇಕಾದ ಪ್ರಮಾಣಕ್ಕಿಂತ ಬಹಳ ಕಡಿಮೆ. ಅಂದಿನಿಂದ, ಯಾರು ಏನೇ ಹೇಳಲಿ, ಹೊಸದಾಗಿ ಕೈಗೆ ಬಂದ ಗಾಡಿಯ ಎಲ್ಲ ದ್ರವಗಳನ್ನೂ ಒಮ್ಮೆ ಬದಲಿಸಿಯೇ ಲೆಕ್ಕ ಆರಂಭಿಸುತ್ತೇನೆ. ಎಂಜಿನ್ ಆಯಿಲ್ 10ಡಬ್ಲ್ಯು-40 ದರ್ಜೆಯದ್ದಾಗಿರಲಿ, ಡಬ್ಬಿಯ ಮೇಲೆ ಬೈಕ್ ಆಯಿಲಿನ ಮಾನದಂಡವಾದ ಜಾಸೋ ಎಂಎ ಅಥವಾ ಎಂಎ2 ಎಂದು ಇರಲೇಬೇಕು. ಈ ಬೈಕಿನ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುವುದರಿಂದ, ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರತೊಡಗುತ್ತದೆ. ಆಯಿಲ್ ಫಿಲ್ಟರನ್ನೂ ಡ್ರೈನ್ ಬೋಲ್ಟಿನ ವಾಷರನ್ನೂ ಅದೇ ಸಲ ಬದಲಿಸಿ. ಬೋಲ್ಟನ್ನು ಅತಿಯಾದ ಬಲ ಹಾಕಿ ಬಿಗಿದರೆ ಅಲ್ಯುಮಿನಿಯಂ ಕೇಸಿನ ತಿರುಪಿನ ಎಳೆಗಳು ಕಿತ್ತುಬರುತ್ತವೆ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಬಳಸಿ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು.

ರೇಡಿಯೇಟರಿನಲ್ಲಿ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಬದಲು ನಲ್ಲಿ ನೀರು ತುಂಬಿಸಿ ಮಾರಿದ ಗಾಡಿಗಳಿವೆ. ಆ ನೀರಿನಲ್ಲಿರುವ ಲವಣಾಂಶ ಒಳಗೆ ಕಿಟ್ಟವಾಗಿ ಕೂರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಮುಚ್ಚಳ ತೆಗೆಯಬೇಕು, ಬಿಸಿಯಿದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವಾಂಶವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಆಗುಂಬೆ ಘಾಟಿಯಲ್ಲಿ ಸೋಮೇಶ್ವರದ ಕಡೆಗೆ ಇಳಿಯುವಾಗ ತಿರುವಿನಿಂದ ತಿರುವಿಗೆ ಬ್ರೇಕ್ ಒತ್ತುತ್ತಾ ಹೋದಂತೆ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಕಾದು, ಒಳಗಿನ ಆಯಿಲ್ ಕುದಿದು ಗುಳ್ಳೆಗಳೆದ್ದು, ಲಿವರ್ ಮೆತ್ತಗಾಗಿ ಹ್ಯಾಂಡಲಿನತ್ತ ಬಂದುಬಿಡುತ್ತದೆ. ಹ್ಯಾಂಡಲಿನ ಬಲಗೈ ಕಡೆ ಇರುವ ಬ್ರೇಕ್ ಆಯಿಲ್ ಡಬ್ಬಿಯ ಗಾಜಿನ ಕಿಂಡಿಯಲ್ಲಿ ಆಯಿಲ್ ತಿಳಿ ಹಳದಿ ಬಣ್ಣ ಬಿಟ್ಟು ಕಾಫಿ ಡಿಕಾಕ್ಷನ್ನಿನಂತೆ ಕಂಡರೆ ತಡಮಾಡಬೇಡಿ. ಚೆನ್ನಾಗಿ ಕಂಡರೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಎಬಿಎಸ್ ಇರುವ ಗಾಡಿಯಲ್ಲಿ ಬ್ರೇಕ್ ಕೊಳವೆಗಳಿಂದ ಗಾಳಿ ತೆಗೆಯುವ ಕೆಲಸವನ್ನು ಅನುಭವವಿರುವ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಲೇಸು.

ಚೈನ್ ಮತ್ತು ಸ್ಪ್ರಾಕೆಟ್

ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರದ) ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಡಿದು ಹೊರಕ್ಕೆ ಎಳೆಯಿರಿ. ಹಲ್ಲಿನ ಅರ್ಧದಷ್ಟು ಕಾಣುವಂತೆ ಅದು ಎದ್ದು ಬಂದರೆ, ಅಥವಾ ಹಲ್ಲುಗಳು ಒಂದೇ ದಿಕ್ಕಿಗೆ ಕೊಕ್ಕೆಯಂತೆ ಬಾಗಿದ್ದರೆ, ಚೈನ್ ಹಾಗೂ ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಹಳೆಯ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕುವುದು ಚೈನಿನ ಆಯುಸ್ಸನ್ನು ಕೈಯಾರೆ ಕಳೆದಂತೆ. ಚೈನ್ ಚೆನ್ನಾಗಿದ್ದರೆ ಸೀಮೆಎಣ್ಣೆ ಮತ್ತು ಮೆದು ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಕೆಳಗಿನ ಸಾಲಿನ ಒಳಮೈಗೆ ಲೂಬ್ ಹಚ್ಚಿ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ತಿರುಗಿಸುತ್ತಾ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಚೈನ್ ಎಷ್ಟು ಸಡಿಲವಿದೆ ಎಂಬುದನ್ನು ಕೆಳಸಾಲಿನ ನಡುಮಧ್ಯದಲ್ಲಿ ಸ್ಕೇಲ್ ಹಿಡಿದು, ಚಕ್ರ ತಿರುಗಿಸಿ ಮೂರು ನಾಲ್ಕು ಕಡೆ ಅಳೆಯಿರಿ. ಚೈನ್ ಎಲ್ಲ ಕಡೆ ಒಂದೇ ಸಮನಾಗಿ ಸವೆಯುವುದಿಲ್ಲವಾದ್ದರಿಂದ ಅತಿ ಬಿಗಿಯಾದ ಜಾಗದ ಅಳತೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡು ಕೈಪಿಡಿಯ ಅಂಕಿಗೆ ಹೊಂದಿಸಬೇಕು.

ಟಯರ್

ಟಯರಿನ ಬದಿಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗೀರುಗಳು ಆಳವಾಗಿಯೇ ಇದ್ದರೂ ವಯಸ್ಸಾದ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಬಿಡುತ್ತದೆ. ವಿ3ಗೆ ಮುಂದೆ 100/80-17, ಹಿಂದೆ 140/70 ರೇಡಿಯಲ್ 17 ಅಳತೆ. ನೋಟಕ್ಕೆಂದು ಹಿಂದೆ 150 ಮಿ.ಮೀ. ಅಗಲದ ಟಯರ್ ತುರುಕಿಸುವುದು ಈಗ ಸಾಮಾನ್ಯವಾಗಿದೆ. 140ಕ್ಕೆಂದು ಮಾಡಿದ ರಿಮ್ಮಿನಲ್ಲಿ ಅದು ಅಂಚುಗಳಲ್ಲಿ ಹಿಸುಕಿದಂತಾಗಿ ಆಕಾರ ಕೆಟ್ಟು, ತಿರುವಿನಲ್ಲಿ ಗಾಡಿ ಭಾರವಾಗುತ್ತದೆ. ಚುರುಕಾಗಿ ಮಗ್ಗುಲಾಗುವುದೇ ಈ ಬೈಕಿನ ಗುಣ. ಅದನ್ನು ದುಡ್ಡು ಕೊಟ್ಟು ಕಳೆದುಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹೊಸ ಟಯರ್ ಹಾಕಿಸಿದ ಮೇಲೆ ಮೊದಲ ನೂರೈವತ್ತು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಅದರ ಮೇಲ್ಮೈಯ ನುಣುಪು ಹೋಗುವವರೆಗೆ ಹಿಡಿತ ಕಡಿಮೆಯಿರುತ್ತದೆ.

ಈಗ ಅಪ್‌ಗ್ರೇಡ್

ಇಷ್ಟಾದ ಮೇಲೂ ಹಣ ಉಳಿದಿದ್ದರೆ ನನ್ನ ಆಯ್ಕೆಯ ಕ್ರಮ ಹೀಗಿದೆ: ಒಳ್ಳೆಯ ಬ್ರೇಕ್ ಪ್ಯಾಡ್ ಮತ್ತು ಸ್ಟೀಲ್ ಬ್ರೇಡೆಡ್ ಬ್ರೇಕ್ ಹೋಸ್ (ಉಕ್ಕಿನ ತಂತಿ ಹೆಣೆದ ಬ್ರೇಕ್ ಕೊಳವೆ), ಫೋರ್ಕಿಗೆ ಹೊಸ ಆಯಿಲ್ ಮತ್ತು ಸೀಲ್, ಮೊಣಕಾಲು ಜಾರದಂತೆ ಟ್ಯಾಂಕ್ ಗ್ರಿಪ್, ಬಿದ್ದರೆ ಎಂಜಿನ್ ಉಳಿಸುವ ಫ್ರೇಮ್ ಸ್ಲೈಡರ್. ಬೆಂಗಳೂರಿನವರು ಬಿಡಿಭಾಗಗಳಿಗೆ ಜೆ.ಸಿ. ರಸ್ತೆಗೆ ಹೋಗಬಹುದು, ಆದರೆ ಬ್ರೇಕಿಗೆ ಸಂಬಂಧಿಸಿದ ಯಾವುದನ್ನೂ ಬಿಲ್ ಇಲ್ಲದೆ ಕೊಳ್ಳಬೇಡಿ.

ಕಿವಿಗಡಚಿಕ್ಕುವ ಸೈಲೆನ್ಸರ್ ಹಾಕಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಂಥ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಆಗಬಹುದು. ಕಾನೂನಿನ ಮಾತಿರಲಿ, ಈ ಎಂಜಿನ್ನಿಗೆ ಅದರ ಅಗತ್ಯವೂ ಇಲ್ಲ. ಸುಮಾರು 7,400 ಆರ್‌ಪಿಎಂ ದಾಟಿದ ಮೇಲೆ ಒಳಸೇರುವ ಗಾಳಿಯ ವಾಲ್ವ್‌ಗಳು ಹೆಚ್ಚು ತೆರೆದುಕೊಳ್ಳುವಂತೆ ಇದನ್ನು ರೂಪಿಸಲಾಗಿದೆ. ಆ ಹುಮ್ಮಸ್ಸು ನಿಮ್ಮ ಗಾಡಿಯಲ್ಲಿ ಕಾಣದಿದ್ದರೆ ಹೊಸ ಏರ್ ಫಿಲ್ಟರ್, ಹೊಸ ಸ್ಪಾರ್ಕ್ ಪ್ಲಗ್ ಹಾಕಿಸಿ, ಎಂಜಿನ್ ತಣ್ಣಗಿರುವಾಗ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಸಂದು) ನೋಡಿಸಿ.

ಎಲ್ಲ ಕೆಲಸ ಮುಗಿದು 500 ಕಿಲೋಮೀಟರ್ ಓಡಿಸಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಗಾಡಿಯನ್ನು ಮತ್ತೆ ಸ್ಟ್ಯಾಂಡಿಗೇರಿಸಿ. ಹೊಸ ಚೈನ್ ಹಾಕಿಸಿದ್ದರೆ ಅದು ಸ್ವಲ್ಪ ಹಿಗ್ಗಿರುತ್ತದೆ, ಸಡಿಲ ಸರಿಪಡಿಸಿ. ಚಕ್ರದ ಆಕ್ಸಲ್ ನಟ್ ಮತ್ತು ಕ್ಯಾಲಿಪರ್ ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ ಹಿಡಿಯಿರಿ, ಆಯಿಲ್ ಮಟ್ಟ ನೋಡಿ, ಡ್ರೈನ್ ಬೋಲ್ಟಿನ ಕೆಳಗೆ ಬಿಳಿ ಬಟ್ಟೆಯೊಂದನ್ನು ಹಾಸಿ ಒಂದು ಗಂಟೆ ಬಿಟ್ಟು ಹನಿ ಬಿದ್ದಿದೆಯೇ ಎಂದು ನೋಡಿ.