ದ್ವಾರಕಾ ಹಡಗಿನ ತುಕ್ಕು ಮತ್ತು ನನ್ನ ಕೆಲಸ

‘ದ್ವಾರಕಾ’ ಹಡಗಿಗೆ ನಾನು ಕಲಾಸಿಯಾಗಿ, ಅಂದರೆ ಡೆಕ್ಕಿನ ಕೆಲಸದ ನಾವಿಕನಾಗಿ, ಸೇರಿದ್ದು 1974ರಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ, ಹಡಗಿಗೆ ಇಪ್ಪತ್ತೇಳು. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪೆನಿಯು ಮುಂಬಯಿ ಮತ್ತು ಕೊಲ್ಲಿಯ ಬಂದರುಗಳ ನಡುವಿನ ಓಡಾಟಕ್ಕೆಂದೇ 1946ರಿಂದ 1950ರ ಒಳಗೆ ದುಮ್ರಾ, ದ್ವಾರಕಾ, ದಾರಾ, ದರೇಸಾ ಎಂಬ ನಾಲ್ಕು ಹಡಗುಗಳನ್ನು ಕಟ್ಟಿಸಿತ್ತು. ಅವುಗಳಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಸ್ವಾನ್ ಹಂಟರ್‌ನವರು 1947ರಲ್ಲಿ ಕಟ್ಟಿಕೊಟ್ಟ ನಮ್ಮದು ಸುಮಾರು 4,850 ಟನ್ನಿನ ಹಡಗು. ಅದು 1982ರವರೆಗೆ, ಅಂದರೆ ಮೂವತ್ತೈದು ವರ್ಷ, ಅದೇ ನೀರಿನಲ್ಲಿ ದುಡಿಯಿತು. ಆ ಆಯುಸ್ಸಿನಲ್ಲಿ ನನ್ನ ಪಾಲಿಗೆ ಬಂದ ಆರು ವರ್ಷಗಳಲ್ಲಿ ನಾನು ಮಾಡಿದ ಕೆಲಸ ಬಹುಪಾಲು ಒಂದೇ: ತುಕ್ಕು ಬಿಡಿಸಿ ಬಣ್ಣ ಬಳಿಯುವುದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕುಂದಾಪುರದ ಬಳಿಯ ಗಂಗೊಳ್ಳಿಯಲ್ಲಿ ನನ್ನ ತಂದೆ ಮಂಗಳೂರು ಹಂಚು ಸಾಗಿಸುವ ಮಚವೆ ಎಂಬ ಮರದ ಹಾಯಿಹಡಗಿನಲ್ಲಿ ತಾಂಡೇಲರು, ಅಂದರೆ ಅದನ್ನು ನಡೆಸುವ ಮುಖ್ಯಸ್ಥರು, ಆಗಿದ್ದರು. ಮಳೆಗಾಲ ಬರುವ ಮೊದಲು ಮಚವೆಯನ್ನು ದಡಕ್ಕೆಳೆದು, ಹಲಗೆಯ ಸಂದುಸಂದಿಗೂ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುಂಬುವುದನ್ನು ನೋಡಿಯೇ ಬೆಳೆದವನು ನಾನು. ಮರಕ್ಕೆ ವರ್ಷಕ್ಕೊಮ್ಮೆ ಆರೈಕೆ ಮಾಡಿದರೆ ಸಾಕಾಗುತ್ತದೆ, ಕಬ್ಬಿಣಕ್ಕೆ ಸಾಕಾಗುವುದಿಲ್ಲ ಎಂಬುದು ಹಡಗಿಗೆ ಬಂದ ಮೇಲೆ ತಿಳಿಯಿತು. ಪ್ರಯಾಣಿಕರ ಹಡಗಿಗೆ ವರ್ಷಕ್ಕೊಮ್ಮೆ ಸರ್ವೇ ಇತ್ತು, ನೀರು ಬಸಿದು ಹಡಗನ್ನು ನಿಲ್ಲಿಸುವ ಡ್ರೈಡಾಕ್ ಇತ್ತು, ದೊಡ್ಡ ರಿಪೇರಿಗಳು ಅಲ್ಲಿ ನಡೆಯುತ್ತಿದ್ದವು. ಆದರೆ ತುಕ್ಕು ಅಲ್ಲಿಯವರೆಗೆ ಕಾಯುವುದಿಲ್ಲ.

ನಮ್ಮ ಹಡಗಿನಲ್ಲಿ ಈ ಕೆಲಸ ಇನ್ನಷ್ಟು ಕಷ್ಟವಾಗಲು ಕಾರಣವಿತ್ತು. ಕ್ಯಾಬಿನ್ನಿನವರು ಕೆಲವರೇ, ಉಳಿದ ಸಾವಿರಕ್ಕೂ ಹೆಚ್ಚು ಜನ ಡೆಕ್ ಟಿಕೇಟಿನವರು. ಅವರು ಚಾಪೆ, ಹೋಲ್ಡಾಲ್, ತಗಡಿನ ಟ್ರಂಕು ಹಿಡಿದು ಬಂದು ಕೆಳಗಿನ ಅಂತಸ್ತಿನ ಕಬ್ಬಿಣದ ನೆಲದ ಮೇಲೆಯೇ ಹಾಸಿಕೊಂಡು ಮಲಗುತ್ತಿದ್ದರು. ಅಷ್ಟು ಜನ ಇರುವಲ್ಲಿ ದಿನವೂ ತೊಳೆಯಲೇಬೇಕು. ಸಿಹಿನೀರು ಕುಡಿಯಲು, ಅಡುಗೆಗೆ ಮೀಸಲಾದ್ದರಿಂದ ತೊಳೆಯುವುದು ಸಮುದ್ರದ ನೀರಿನಿಂದಲೇ ಆಗಬೇಕಿತ್ತು. ಹೀಗೆ ಶುಚಿಗಾಗಿ ದಿನವೂ ಉಪ್ಪನ್ನು ಒಳಗೆ ತರುತ್ತಿದ್ದೆವು, ಆಮೇಲೆ ಅದೇ ಉಪ್ಪಿನ ಜೊತೆ ಸೆಣಸುತ್ತಿದ್ದೆವು. ನೀರು ಹೊರಗೆ ಹರಿದುಹೋಗಲು ಡೆಕ್ಕಿನ ಅಂಚಿನಲ್ಲಿ ತೂತುಗಳಿರುತ್ತವೆ. ತುಕ್ಕು ಮೊದಲು ಹಿಡಿಯುವುದು ಅವುಗಳ ಸುತ್ತ, ಆಮೇಲೆ ಶೌಚಾಲಯಗಳ ಹೊಸ್ತಿಲಿನಲ್ಲಿ, ಏಣಿಗಳ ಬುಡದಲ್ಲಿ.

ಕೆಲಸದ ಕ್ರಮವನ್ನು ನನಗೆ ಕಲಿಸಿದವರು ನಮ್ಮ ಸಾರಂಗರು, ಅಂದರೆ ಕಲಾಸಿಗಳ ಮುಖ್ಯಸ್ಥರು. ಅವರು ಮೊದಲು ಸುತ್ತಿಗೆ ಕೊಟ್ಟು ಬಡಿಯಲು ಹೇಳಲಿಲ್ಲ, ಕೇಳಲು ಹೇಳಿದರು. ಹಡಗಿನ ಕಬ್ಬಿಣದ ಹಾಳೆಗೆ ಪ್ಲೇಟು ಎನ್ನುತ್ತೇವೆ. ಗಟ್ಟಿ ಪ್ಲೇಟು ಗಂಟೆಯಂತೆ ಕಣ್ ಎನ್ನುತ್ತದೆ. ಒಳಗೊಳಗೇ ಪದರ ಎದ್ದಿರುವ ಪ್ಲೇಟು ಒಡಕು ಮಡಕೆಯಂತೆ ಬೊದ ಬೊದ ಎನ್ನುತ್ತದೆ. ಆ ಬೊದಬೊದ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರಿಂದ ಒಂದು ಗೇಣು ಆಚೆಯವರೆಗೂ ಬಿಡಿಸಬೇಕು, ಏಕೆಂದರೆ ತುಕ್ಕು ಕಣ್ಣಿಗೆ ಕಾಣುವ ಜಾಗವನ್ನು ದಾಟಿ ಬಣ್ಣದ ಅಡಿಯಲ್ಲಿ ಹರಿದಿರುತ್ತದೆ. ಚಿಪ್ಪಿಂಗ್ ಸುತ್ತಿಗೆಯಿಂದ ಹಕ್ಕಳೆ ಎಬ್ಬಿಸಿ, ಹೆರೆದು, ತಂತಿ ಬ್ರಷ್ಷಿನಲ್ಲಿ ಕಬ್ಬಿಣದ ನಿಜಬಣ್ಣ ಕಾಣುವವರೆಗೆ ಉಜ್ಜಿ, ಒಂದು ಬಾಲ್ದಿ ಸಿಹಿನೀರಿನಲ್ಲಿ ಉಪ್ಪು ತೊಳೆದು ಚೆನ್ನಾಗಿ ಒಣಗಿದ ಮೇಲೆಯೇ ರೆಡ್ ಲೆಡ್ ಹಚ್ಚಬೇಕು. ಅದು ಸೀಸದ ಬಣ್ಣವಾದ್ದರಿಂದ ಕೈ ತೊಳೆಯದೆ ಯಾರೂ ಬೀಡಿ ಮುಟ್ಟಬಾರದೆಂದು ಸಾರಂಗರು ಕಟ್ಟುನಿಟ್ಟು ಮಾಡಿದ್ದರು. ಎರಡು ಕೋಟು ರೆಡ್ ಲೆಡ್ ಪೂರ್ತಿ ಒಣಗಿದ ಬಳಿಕ ಮೇಲಿನ ಬಣ್ಣ.

ಕೊಲ್ಲಿಯಲ್ಲಿ ಈ ಒಣಗುವ ಮಾತೇ ದೊಡ್ಡದು. ಆಗಸ್ಟ್ ತಿಂಗಳ ರಾತ್ರಿ ಅಲ್ಲಿ ಎಷ್ಟು ಇಬ್ಬನಿ ಬೀಳುತ್ತದೆಂದರೆ, ಬೆಳಗ್ಗೆ ಏಳುವಾಗ ಮಳೆ ಬಂದು ಹೋದಂತೆ ಡೆಕ್ ಒದ್ದೆಯಾಗಿರುತ್ತದೆ. ಮಧ್ಯಾಹ್ನಕ್ಕೆ ಅದೇ ಪ್ಲೇಟು ಅಂಗೈ ಇಡಲಾಗದಷ್ಟು ಕಾಯುತ್ತದೆ, ಆಗ ಹಚ್ಚಿದ ಬಣ್ಣದ ಮೇಲ್ಪದರ ಮಾತ್ರ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬಣ್ಣ ಹಚ್ಚಲು ಯೋಗ್ಯವಾದ ಹೊತ್ತು ಇವೆರಡರ ನಡುವಿನ ಎರಡು ಮೂರು ಗಂಟೆ ಮಾತ್ರ. ಸೇರಿದ ಮೊದಲ ಬೇಸಿಗೆಯಲ್ಲಿ, ಬಹರೈನ್‌ನಲ್ಲಿ ಹಡಗು ನಿಂತಿದ್ದಾಗ, ಜನ ಹತ್ತುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿ ಇಬ್ಬನಿ ಆರದ ಒಂದು ಮೂಲೆಗೆ ನಾನು ರೆಡ್ ಲೆಡ್ ಹಚ್ಚಿಬಿಟ್ಟೆ. ಹತ್ತು ದಿನ ಕಳೆಯುವುದರೊಳಗೆ ಅಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದವು. ಸಾರಂಗರು ಬಂದು ಒಂದನ್ನು ಚಾಕುವಿನ ಮೊನೆಯಿಂದ ಒಡೆದರು. ಒಳಗಿನಿಂದ ಕಂದು ಬಣ್ಣದ ಒಂದು ಹನಿ ನೀರು ಹೊರಬಂತು. ಅವರು ಬೈಯಲಿಲ್ಲ. ಆ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ನನಗೆ ತೋರಿಸಿ, ಅಷ್ಟೂ ಜಾಗವನ್ನು ಮತ್ತೆ ಬಿಡಿಸಲು ಹೇಳಿ ಹೋದರು. ಎರಡು ದಿನ ಹಿಡಿಯಿತು. ಅಂದಿನಿಂದ ಬ್ರಷ್ ಅದ್ದುವ ಮೊದಲು ಅಂಗೈಯಿಂದ ಪ್ಲೇಟನ್ನು ಸವರಿ ನೋಡುವುದು ನನಗೆ ರೂಢಿಯಾಯಿತು.

ಜನರಿರುವಾಗ ಕೆಳಗೆ ಸುತ್ತಿಗೆ ಆಡಿಸುವಂತಿರಲಿಲ್ಲ, ಆದರೂ ಕೆಲವು ಜಾಗಗಳು ಕಾಯುವಂತೆ ಇರುತ್ತಿರಲಿಲ್ಲ. ಒಮ್ಮೆ ಮಸ್ಕತ್ ದಾಟಿದ ಮೇಲೆ ಒಬ್ಬರ ಹಾಸಿಗೆಯನ್ನು ಸ್ವಲ್ಪ ಸರಿಸಲು ಹಿಂದಿಯಲ್ಲಿ ಕೇಳಿಕೊಂಡಾಗ ಅವರು ನನ್ನ ಮಾತಿನ ಧಾಟಿಯಿಂದಲೇ ಗುರುತು ಹಿಡಿದು, “ಎಂತ ಮಾರಾಯ್ರೆ, ನೀವು ಕುಂದಾಪುರ ಬದಿಯವ್ರಾ?” ಎಂದರು. ಬೈಂದೂರಿನವರು, ಕುವೈತಿನಲ್ಲಿ ಅಡುಗೆ ಕೆಲಸಕ್ಕೆ ಹೊರಟಿದ್ದರು. ಭಟ್ಕಳ, ಉಡುಪಿ, ಮಂಗಳೂರಿನ ಅಂಥವರು ಪ್ರತಿ ಸಲವೂ ಸಿಗುತ್ತಿದ್ದರು. ಮರಳಿ ಬರುವಾಗ ಕಂಬಳಿ, ಕ್ಯಾಸೆಟ್ ರೇಡಿಯೊ, ಫ್ಯಾನು ಎಂದು ವಿಮಾನದಲ್ಲಿ ತರಲಾಗದಷ್ಟು ಸಾಮಾನು ತರುತ್ತಿದ್ದರು. ಹಡಗು ಅಷ್ಟು ವರ್ಷ ಓಡಿದ್ದು ಅವರಿಂದ ಎಂದೇ ನನ್ನ ಅಭಿಪ್ರಾಯ.

ಲೈಫ್‌ಬೋಟುಗಳ ವಿಷಯದಲ್ಲಿ ಹಳಬರು ಯಾವ ಸಡಿಲಿಕೆಗೂ ಒಪ್ಪುತ್ತಿರಲಿಲ್ಲ. 1961ರ ಏಪ್ರಿಲ್ 8ರ ನಸುಕಿನಲ್ಲಿ ದುಬೈ ಬಳಿ ದಾರಾ ಹಡಗಿನಲ್ಲಿ ಸ್ಫೋಟವಾಗಿ 238 ಜನ ತೀರಿಕೊಂಡರು. ಹಿಂದಿನ ದಿನ ಬಿರುಗಾಳಿಗೆ ಹಡಗು ಲಂಗರು ಎತ್ತಿ ಹೊರಟಾಗ, ಬೀಳ್ಕೊಡಲು ಬಂದಿದ್ದವರೂ ಅದರಲ್ಲಿಯೇ ಉಳಿದುಬಿಟ್ಟಿದ್ದರು. ನಮ್ಮದು ಅದೇ ಅಚ್ಚಿನ ಹಡಗು. ದೋಣಿ ಇಳಿಸುವ ತಂತಿ ಹಗ್ಗಗಳಿಗೆ ಗ್ರೀಸ್ ಹಚ್ಚುವಾಗ ನಾನು ಬಟ್ಟೆಯನ್ನು ಹಗ್ಗದ ಉದ್ದಕ್ಕೂ ನಿಧಾನವಾಗಿ ಎಳೆಯುತ್ತಿದ್ದೆ. ಒಂದು ಎಳೆ ಕಡಿದಿದ್ದರೂ ಮೀನಿನ ಮುಳ್ಳಿನಂತೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡರೆ ಆ ಹಗ್ಗವನ್ನು ಬದಲಿಸಲೇಬೇಕು. ಡ್ರಿಲ್ಲಿನಲ್ಲಿ ಸಾರಂಗರು “ಆರಿಯಾ” ಎಂದರೆ ಇಳಿಸುವುದು, “ಹಬೇಸ್” ಎಂದರೆ ಎತ್ತುವುದು. ರಾಟೆ ಕಿರುಗುಟ್ಟದೆ ದೋಣಿ ನೀರು ಮುಟ್ಟಿದರೆ ಮಾತ್ರ ಅವರ ಮುಖ ಸಡಿಲವಾಗುತ್ತಿತ್ತು.

1980ರಲ್ಲಿ ನಾನು ಸರಕಿನ ಹಡಗಿಗೆ ಹೋದೆ. ಎರಡು ವರ್ಷದ ಬಳಿಕ ದ್ವಾರಕಾ ಪಾಕಿಸ್ತಾನದ ಗಡಾನಿ ಕಡಲದಂಡೆಯಲ್ಲಿ ಒಡೆಯುವವರ ಕೈ ಸೇರಿತೆಂಬ ಸುದ್ದಿ ಬಂತು. ನಾನು ಬಿಡಿಸಿ, ಬಳಿದ ಪ್ಲೇಟುಗಳನ್ನು ಯಾರೋ ಗ್ಯಾಸಿನಿಂದ ಕತ್ತರಿಸುತ್ತಿದ್ದಾರೆಂದು ನೆನೆದು ಆ ದಿನ ಊಟ ಸೇರಲಿಲ್ಲ.

ಈಗ ನಮ್ಮ ಕರಾವಳಿಯಲ್ಲಿ ಮೀನುಗಾರಿಕೆಗೂ ಸ್ಟೀಲ್ ಬೋಟುಗಳು ಬಂದಿವೆ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಅವನ್ನು ದಡಕ್ಕೆ ತಂದಾಗ ಊರಿನ ಹುಡುಗರು, “ಮಾವ, ಒಂಚೂರು ಬಂದ್ ಕಾಣಿ” ಎಂದು ಕರೆಯುತ್ತಾರೆ. ಮಳೆ ಬಿಟ್ಟ ಹೊತ್ತು ನೋಡಿಕೊಂಡು ಹೋಗಿ, ಮೊದಲು ಡೆಕ್ಕಿನ ನೀರು ಹೊರಹೋಗುವ ತೂತುಗಳ ಸುತ್ತ ಬಡಿದು ಕೇಳುತ್ತೇನೆ.