ಗೀಸರ್ ಕೈಕೊಟ್ಟಾಗ: ಕಾಯಿಲ್ ಬದಲಿಸುವ ಮೊದಲು ನೋಡಬೇಕಾದ್ದು

ನೀರು ಬಿಸಿಯಾಗಲಿಲ್ಲವೆಂದರೆ ಸಾಮಾನ್ಯವಾಗಿ ಮೊದಲು ದೂರುವುದು ಕಾಯಿಲನ್ನೇ. ಹೊಸ ಕಾಯಿಲ್ ಹಾಕಿಸಿ, ಸುಟ್ಟ ಪ್ಲಗ್ಗನ್ನು ಹಾಗೇ ಬಿಟ್ಟರೆ ವಾರದಲ್ಲಿ ಮತ್ತೆ ತಣ್ಣೀರು. ಗೀಸರ್‌ನ ಮುಚ್ಚಳ ತೆಗೆಯದೆಯೇ ತೊಂದರೆ ಎಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಇಲ್ಲಿ ಹೇಳುವುದು ನಮ್ಮ ಮನೆಗಳಲ್ಲಿ ಹೆಚ್ಚಾಗಿರುವ 2,000 ವ್ಯಾಟ್‌ನ ಸ್ಟೋರೇಜ್ ಗೀಸರ್ ಬಗ್ಗೆ. ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲ್‌ಗೂ ಬಹುಪಾಲು ಇದೇ ಅನ್ವಯಿಸುತ್ತದೆ.

ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ. ನೀರು ಬರದಿದ್ದರೆ ಸ್ವಿಚ್ ಹಾಕಲೇಬೇಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಟ್ಟುಹೋಗಬಹುದು.

ಕರೆಂಟ್ ಎಳೆಯುತ್ತಿದೆಯೇ?

ಮನೆಯ ಉಳಿದೆಲ್ಲ ಉಪಕರಣ ಆರಿಸಿ, ಗೀಸರ್ ಒಂದನ್ನೇ ಹಾಕಿ, ಮೀಟರ್‌ನ ಕೆಂಪು ದೀಪ ನೋಡಿ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂದು ಮೀಟರಿನ ಮುಖದ ಮೇಲೇ ಬರೆದಿರುತ್ತದೆ. 3,200 ಎಂದಿದ್ದರೆ 2,000 ವ್ಯಾಟ್ ಗೀಸರ್‌ಗೆ ನಿಮಿಷಕ್ಕೆ ಸುಮಾರು 107 ಮಿಣುಕು, 1,600 ಎಂದಿದ್ದರೆ 53. ಲೆಕ್ಕ ಹೊಂದಿದರೆ ಕಾಯಿಲ್ ಕೆಲಸ ಮಾಡುತ್ತಿದೆ. ಆಗ ಸಮಯ ಹಿಡಿದು ನೋಡಿ: 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು 230 ವೋಲ್ಟ್‌ನಲ್ಲಿ ಸುಮಾರು 21 ನಿಮಿಷ ಬೇಕು. ಹಳ್ಳಿಯ ಕೊನೆಯ ಕಂಬದ ಮನೆಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ನೀರಿಗೆ 34 ನಿಮಿಷ ಹಿಡಿಯುತ್ತದೆ. ಅದು ಗೀಸರ್‌ನ ದೋಷವಲ್ಲ.

ಮೀಟರ್ ಮಿಣುಕದಿದ್ದರೆ ಮುಂದಿನ ಸಾಕ್ಷಿ ಗೀಸರ್‌ನ ದೀಪಗಳು. ಹೆಚ್ಚಿನ ಮಾದರಿಗಳಲ್ಲಿ ಒಂದು ದೀಪ ಕರೆಂಟ್ ಬಂದಿರುವುದಕ್ಕೆ, ಇನ್ನೊಂದು ನೀರು ಕಾಯುತ್ತಿರುವುದಕ್ಕೆ. ಮೊದಲನೆಯದು ಉರಿದು, ನೀರು ತಣ್ಣಗಿದ್ದರೂ ಎರಡನೆಯದು ಉರಿಯದಿದ್ದರೆ ಥರ್ಮೋಸ್ಟಾಟ್ (ನೀರು ಸಾಕಷ್ಟು ಕಾದಾಗ ಕರೆಂಟ್ ಕಡಿಯುವ ಭಾಗ) ಅಥವಾ ಕಟ್‌ಔಟ್ (ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಭಾಗ) ಮೇಲೆ ಅನುಮಾನ. ಎರಡೂ ಉರಿದು ನೀರು ಕಾಯದಿದ್ದರೆ ಕಾಯಿಲ್ ಒಳಗೆ ತುಂಡಾಗಿರಬಹುದು, ಇಲ್ಲವೇ ಅದರ ವೈರ್ ಕಳಚಿರಬಹುದು. ಎರಡೂ ಉರಿಯದಿದ್ದರೆ ಮೊದಲು ಪ್ಲಗ್ ಮತ್ತು ಸಾಕೆಟ್ ನೋಡಿ.

ಪ್ಲಗ್‌ ಕಿತ್ತು ಅದರ ಪಿನ್‌ಗಳನ್ನು ಗಮನಿಸಿ. 2,000 ವ್ಯಾಟ್ ಎಂದರೆ ಸುಮಾರು 8.7 ಆಂಪಿಯರ್, ಅರ್ಧ ಗಂಟೆ ಬಿಡದೆ. ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಅಲ್ಲಿ ಬಿಸಿ ಹುಟ್ಟಿ ಪಿನ್ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಹಾಗಾಗಿದ್ದರೆ ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. 16 ಆಂಪಿಯರ್ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್, ಗೀಸರ್‌ಗೆಂದೇ ಪ್ರತ್ಯೇಕ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಇರಲಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಟೆಸ್ಟರ್ ಉರಿಯಿತು ಎಂದ ಮಾತ್ರಕ್ಕೆ ಲೈನ್ ಸರಿಯಿದೆ ಎಂದಲ್ಲ. ನ್ಯೂಟ್ರಲ್ ಕಡಿದಿದ್ದರೂ ಫೇಸ್‌ನಲ್ಲಿ ಟೆಸ್ಟರ್ ಉರಿಯುತ್ತದೆ. ಸಾಕೆಟ್‌ನಲ್ಲಿ ಫೇಸ್–ನ್ಯೂಟ್ರಲ್ ನಡುವೆ ಮಲ್ಟಿಮೀಟರ್ 230ರ ಆಸುಪಾಸು ತೋರಿಸಬೇಕು. ಇನ್ನೊಂದು ಎಚ್ಚರಿಕೆ: ಮೂರು ಫೇಸ್ ಇರುವ ಮನೆಯಲ್ಲಿ ಕೆಲವು ಬಲ್ಬು ವಿಪರೀತ ಪ್ರಕಾಶವಾಗಿ, ಕೆಲವು ಮಂಕಾಗಿ ಉರಿದರೆ ಮೇನ್ ನ್ಯೂಟ್ರಲ್ ಹೋಗಿದೆ. ತಕ್ಷಣ ಮೇನ್ ಆರಿಸಿ 1912ಕ್ಕೆ ಕರೆ ಮಾಡಿ.

ಪಿನ್‌ಗಳಲ್ಲೇ ಅಳತೆ

ಪ್ಲಗ್ ಕಿತ್ತ ಮೇಲೆ ಗೀಸರ್‌ನ ಗುಂಡಿಯನ್ನು ಪೂರ್ತಿ ತಿರುಗಿಸಿ. ನೀರು ತಣ್ಣಗಿರಬೇಕು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದೇ ಅಳತೆಯ ಎರಡು ಪಿನ್‌ಗಳ ನಡುವೆ ನೋಡಿ. 2,000 ವ್ಯಾಟ್‌ಗೆ 26 ಓಮ್ ಆಸುಪಾಸು, 3,000 ವ್ಯಾಟ್‌ಗೆ 17–18 ಬರಬೇಕು. ಬಂದರೆ ವೈರ್, ಕಟ್‌ಔಟ್, ಥರ್ಮೋಸ್ಟಾಟ್, ಕಾಯಿಲ್ ನಾಲ್ಕೂ ಒಂದೇ ಏಟಿಗೆ ಪಾಸು. ಬರದಿದ್ದರೆ ಇವುಗಳಲ್ಲಿ ಒಂದು ಕಡಿದಿದೆ. ಡಿಜಿಟಲ್ ಡಿಸ್‌ಪ್ಲೇ ಇರುವ ಗೀಸರ್‌ಗೆ ಈ ಅಳತೆ ಹೊಂದುವುದಿಲ್ಲ.

ನಂತರ ದಪ್ಪ ಪಿನ್, ಅಂದರೆ ಅರ್ಥ್ ಪಿನ್, ಮತ್ತು ಉಳಿದೆರಡರಲ್ಲಿ ಒಂದೊಂದರ ನಡುವೆ ಅಳೆಯಿರಿ. ಏನೂ ತೋರಿಸಬಾರದು. ಕಿಲೋಓಮ್‌ನಲ್ಲಿ ಅಂಕಿ ಬಂದರೆ ಹೆಚ್ಚಾಗಿ ಕಾಯಿಲ್‌ನ ಹೊರಕವಚ ಬಿರಿದು ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿಗೆ ನೀರಿಳಿದಿರುತ್ತದೆ. ಆದರೆ ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟ್‌ನಲ್ಲಿ. ಸಣ್ಣ ಬಿರುಕು ಅದಕ್ಕೆ ಕಾಣದೇ ಹೋಗಬಹುದು. ಅನುಮಾನವಿದ್ದರೆ ಎಲೆಕ್ಟ್ರಿಷಿಯನ್ ಬಳಿ 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟೇಜ್‌ನಲ್ಲಿ ಸೋರಿಕೆ ಪರೀಕ್ಷಿಸುವ ಮೀಟರ್) ಹಾಕಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಕಾಯಿಲನ್ನು ಬಳಸಬೇಡಿ.

ಟ್ರಿಪ್ ಆಗುತ್ತಿದ್ದರೆ

ಯಾವುದು ಟ್ರಿಪ್ ಆಯಿತು ಎಂಬುದೇ ಅರ್ಧ ಉತ್ತರ. ಸ್ವಿಚ್ ಹಾಕಿದೊಡನೆ ಎಂಸಿಬಿ ಬಿದ್ದರೆ ಶಾರ್ಟ್: ವೈರಿನ ಹೊದಿಕೆ ಸುಟ್ಟಿರಬಹುದು, ಗ್ಯಾಸ್ಕೆಟ್‌ನಿಂದ (ಕಾಯಿಲ್ ಕೂರುವಲ್ಲಿನ ರಬ್ಬರ್ ಸೀಲ್) ನೀರು ಟರ್ಮಿನಲ್ ಮೇಲೆ ತೊಟ್ಟಿಕ್ಕುತ್ತಿರಬಹುದು. ಮತ್ತೆ ಮತ್ತೆ ಎತ್ತಿ ನೋಡಬೇಡಿ. ಹತ್ತು–ಹದಿನೈದು ನಿಮಿಷ ಬಿಟ್ಟು ಬಿದ್ದರೆ ಎಂಸಿಬಿಯ ಸ್ಕ್ರೂ ಸಡಿಲವಾಗಿ ಅದೇ ಕಾದಿರುತ್ತದೆ, ಇಲ್ಲವೇ ಎರಡು ಗೀಸರ್ ಒಂದೇ ಲೈನಿನಲ್ಲಿರುತ್ತವೆ.

ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್, ಬಿದ್ದರೆ ಕರೆಂಟ್ ಎಲ್ಲೋ ಅರ್ಥ್‌ಗೆ ಸೋರುತ್ತಿದೆ ಎಂದರ್ಥ. ಇಲ್ಲಿ ಅನೇಕರು ಎಡವುತ್ತಾರೆ: ಗೀಸರ್ ಸ್ವಿಚ್ ಆರಿಸಿದರೂ ಆರ್‌ಸಿಸಿಬಿ ಬೀಳುತ್ತದೆ, ಆದ್ದರಿಂದ ತೊಂದರೆ ಗೀಸರ್‌ನದ್ದಲ್ಲ ಎಂದುಕೊಳ್ಳುತ್ತಾರೆ. ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ. ನ್ಯೂಟ್ರಲ್ ಗೀಸರ್‌ಗೆ ತಗುಲಿಕೊಂಡೇ ಇರುತ್ತದೆ, ಬಿರುಕುಬಿಟ್ಟ ಕಾಯಿಲ್ ಮೂಲಕ ಅದು ಅರ್ಥ್‌ಗೆ ತಾಗಿದರೂ ಟ್ರಿಪ್ ಆಗುತ್ತದೆ. ಪ್ಲಗ್‌ ಕಿತ್ತೇ ಪರೀಕ್ಷಿಸಿ. ಕಿತ್ತ ಮೇಲೆ ನಿಂತರೆ ಗೀಸರ್‌ನದ್ದೇ ದೋಷ.

ಕಾಟ ತಾಳಲಾರದೆ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವವರೂ, ಗೀಸರ್‌ನ ಅರ್ಥ್ ವೈರ್ ಬಿಚ್ಚಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿರಿದ ಕಾಯಿಲ್ ನೀರು ಕಾಯಿಸುತ್ತಲೇ ಇರುತ್ತದೆ. ಅರ್ಥ್ ಇಲ್ಲದಿದ್ದರೆ ಆ ಸೋರಿಕೆ ನಲ್ಲಿ, ಶವರ್ ಮೂಲಕ ಒದ್ದೆ ಮೈಗೆ ಬರುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರುವುದು ಅದನ್ನು ತಡೆಯಲೆಂದೇ. ನಲ್ಲಿ ಮುಟ್ಟಿದಾಗ ಸ್ವಲ್ಪ ಜುಮ್ ಎಂದರೂ ಆ ದಿನವೇ ಪ್ಲಗ್ ಕಿತ್ತಿಡಿ. ಅರ್ಥ್ ಪರೀಕ್ಷೆಗೆ ಮಲ್ಟಿಮೀಟರ್ ಸಾಲದು. ಅದು ಎಳೆಯುವ ಕರೆಂಟ್ ಅತ್ಯಲ್ಪವಾದ್ದರಿಂದ ತುಕ್ಕು ಹಿಡಿದ ಅರ್ಥ್ ಕೂಡ ಫೇಸ್ ಜೊತೆ ಅಳೆದಾಗ 225 ವೋಲ್ಟ್ ತೋರಿಸಿಬಿಡುತ್ತದೆ. ಅರ್ಥ್ ಟೆಸ್ಟರ್‌ನಲ್ಲೇ ನೋಡಿಸಬೇಕು.

ಕಟ್‌ಔಟ್‌ನ ಸಣ್ಣ ಗುಂಡಿ ಮುಚ್ಚಳದ ಒಳಗಿರುತ್ತದೆ. ಪ್ಲಗ್ ಕಿತ್ತು, ನೀರು ಆರಿದ ಮೇಲೆ ಒತ್ತಿದರೆ ಟಕ್ ಎನ್ನುತ್ತದೆ. ಒಮ್ಮೆ ಒತ್ತಿ ನೋಡಿ. ಮತ್ತೆ ಬಿದ್ದರೆ ಥರ್ಮೋಸ್ಟಾಟ್‌ನ ಕಾಂಟ್ಯಾಕ್ಟ್ ಅಂಟಿಕೊಂಡು ಕರೆಂಟ್ ಕಡಿಯುತ್ತಿಲ್ಲ, ಅದನ್ನು ಬದಲಿಸಿ. ಕಟ್‌ಔಟ್‌ನ ಎರಡು ವೈರ್ ನೇರ ಜೋಡಿಸಿದರೆ ಟ್ಯಾಂಕ್ ಕುದಿದು ಸಿಡಿಯುವ ಅಪಾಯವಿದೆ. ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕು ಹನಿ ಬೀಳುವುದು ಸಹಜ, ನೀರು ಹಿಗ್ಗುತ್ತದೆ. ಹಬೆ ಬಂದರೆ ಎಂಸಿಬಿ ಆರಿಸಿ, ತಾನಾಗಿ ಆರುವವರೆಗೆ ಹತ್ತಿರ ಹೋಗಬೇಡಿ.

ಕಾಯಿಲ್ ನಿಜವಾಗಿಯೂ ಹೋಗಿದ್ದರೆ

ಬೋರ್‌ವೆಲ್ ನೀರಿನ ಊರುಗಳಲ್ಲಿ ಕಾಯಿಲ್ ಮೇಲೆ ಸುಣ್ಣದಂಥ ಪದರ ಕಟ್ಟುತ್ತದೆ. ಶಾಖ ನೀರಿಗೆ ದಾಟಲಾಗದೆ ಕಾಯಿಲ್ ತಾನೇ ಬೇಯುತ್ತದೆ. ಅಂಥ ಕಡೆ ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಬೇಕು. ಬದಲಿಸುವಾಗ ಹಳೆಯದರ ವ್ಯಾಟ್, ಉದ್ದ, ಫ್ಲೇಂಜ್‌ನ (ಕಾಯಿಲ್ ಕೂರುವ ಲೋಹದ ತಟ್ಟೆ) ಬೋಲ್ಟ್ ತೂತುಗಳ ಸಂಖ್ಯೆ ಹೊಂದಿಸಿ ತನ್ನಿ. ಗ್ಯಾಸ್ಕೆಟ್ ಹೊಸದೇ ಇರಲಿ. ಮೆಗ್ನೀಸಿಯಂ ಆನೋಡ್ (ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಕಡ್ಡಿ) ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅದನ್ನೂ ಆಗಲೇ ಬದಲಿಸಿ.

ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ಧಾರೆ ಒಂದೇ ಸಮ ಬರುವವರೆಗೆ ಟ್ಯಾಂಕ್ ತುಂಬಿಸಿ, ಫ್ಲೇಂಜ್ ಸುತ್ತ ಟಿಶ್ಯೂ ಒತ್ತಿ ನೋಡಿ. ಒಣಗಿದ್ದರೆ ಮುಚ್ಚಳ ಹಾಕಿ ಕರೆಂಟ್ ಕೊಡಿ. ಒಂದು ಪೂರ್ತಿ ಸುತ್ತು ಕಾದು ತಾನಾಗಿ ಆಫ್ ಆದ ಮೇಲೆ ಪ್ಲಗ್ ಕಿತ್ತು ಮುಚ್ಚಳ ತೆಗೆದು ಇನ್ನೊಮ್ಮೆ ಟಿಶ್ಯೂ ಒತ್ತಿ. ತಣ್ಣಗಿದ್ದಾಗ ಸೋರದ ಗ್ಯಾಸ್ಕೆಟ್ ಬಿಸಿಯಲ್ಲಿ ಸೋರುವುದುಂಟು.